ಪುಟ್ಟ ವಿಮಾನಕ್ಕೆ ರೇಡಿಯೋ ಕೊಳ್ಳುವಾಗ ಗ್ರಾಂ ಲೆಕ್ಕ ಸಾಲದು

ಮಾನ್ಯ ಸಂಪಾದಕರೇ,

ಜಕ್ಕೂರಿನ ಮೈಕ್ರೋಲೈಟ್ ವಿಮಾನಗಳ (ಒಂದೆರಡು ಸೀಟಿನ ತೀರಾ ಹಗುರ ವಿಮಾನಗಳ) ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಚೆನ್ನಾಗಿತ್ತು. ಎಂಜಿನ್, ರೆಕ್ಕೆ, ಖರ್ಚು ಎಲ್ಲ ವಿವರವಾಗಿತ್ತು. ರೇಡಿಯೋ ವಿಷಯಕ್ಕೆ ಮಾತ್ರ, ಹಗುರವಾದ ಒಂದು ವಾಕಿಟಾಕಿ ಇದ್ದರೆ ಸಾಕು ಅನ್ನುವಂತೆ ಒಂದೇ ಸಾಲು. ಈ ಸೆಟ್‌ಗಳನ್ನು ಕೂರಿಸಿ, ಬಿಚ್ಚಿ, ರಿಪೇರಿ ಮಾಡಿ ಅಭ್ಯಾಸವಿರುವ ನನಗೆ ಅದನ್ನು ಓದಿ ಸುಮ್ನೆ ಇರಲಾಗಲಿಲ್ಲ.

ಮೊದಲನೆಯದಾಗಿ, ವಾಕಿಟಾಕಿ ಬೇರೆ, ವಿಮಾನದ ರೇಡಿಯೋ ಬೇರೆ. ವಿಮಾನಗಳ ಮಾತು ನಡೆಯುವುದು 118ರಿಂದ 137 ಮೆಗಾಹರ್ಟ್ಸ್ ನಡುವೆ, ಅದೂ ಎಎಂನಲ್ಲಿ, ಅಂದರೆ ದನಿಗೆ ತಕ್ಕಂತೆ ಅಲೆಯ ಬಲ ಏರಿಳಿಯುವ ವಿಧಾನದಲ್ಲಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಸೆಟ್‌ಗಳು ಮಾತಾಡುವುದು ಎಫ್‌ಎಂನಲ್ಲಿ, ಅಲ್ಲಿ ಬದಲಾಗುವುದು ಅಲೆಯ ಫ್ರೀಕ್ವೆನ್ಸಿ. ನೋಡಲು ಎರಡೂ ಒಂದೇ ಥರ. ಆದರೆ ಅಗ್ಗದ ಸೆಟ್‌ನಲ್ಲಿ ಎಷ್ಟು ಕೂಗಿದರೂ ವಿಮಾನ ನಿಲ್ದಾಣದ ಕಂಟ್ರೋಲ್ ಟವರಿಗೆ ಮುಟ್ಟುವುದಿಲ್ಲ. ಲೈಸೆನ್ಸ್ ವಿಷಯ ಬೇರೆಯೇ ಇದೆ. 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ ವಾಕಿಟಾಕಿ ಮಾರುತ್ತಿದ್ದ ಆನ್‌ಲೈನ್ ಅಂಗಡಿಗಳಿಗೆ ನೋಟಿಸ್ ಕೊಟ್ಟಿತ್ತು. ವಿಮಾನದ ಸೆಟ್‌ಗೆ ವೈರ್‌ಲೆಸ್ ಲೈಸೆನ್ಸ್ ಬೇಕು, ಮಾತಾಡುವವರಿಗೆ ಆರ್‌ಟಿಆರ್ ಅನ್ನುವ ರೇಡಿಯೋ ಪರವಾನಗಿ ಬೇಕು.

ಈ ಕಾಲದಲ್ಲೂ ಎಎಂ ಯಾಕೆ ಅಂತ ಕೇಳುವವರುಂಟು. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಜೋರಾಗಿರುವ ಸಿಗ್ನಲ್ ಇನ್ನೊಂದನ್ನು ನುಂಗಿಬಿಡುತ್ತದೆ, ಎರಡನೆಯವರು ಮಾತಾಡಿದ್ದೇ ಗೊತ್ತಾಗುವುದಿಲ್ಲ. ಎಎಂನಲ್ಲಿ ಕೀರಲು ಸದ್ದು ಬರುತ್ತದೆ, ಯಾರೋ ಅಡ್ಡ ಬಂದರು ಅಂತಾದರೂ ತಿಳಿಯುತ್ತದೆ. ಹಾಗಂತ ಅದೇ ಪೂರ್ತಿ ರಕ್ಷಣೆಯಲ್ಲ. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫೆ ದ್ವೀಪದಲ್ಲಿ ಕೆಎಲ್‌ಎಂ ಮತ್ತು ಪ್ಯಾನ್ ಆಮ್ ಕಂಪನಿಗಳ ಎರಡು ಜಂಬೋ ವಿಮಾನಗಳು ರನ್‌ವೇ ಮೇಲೇ ಡಿಕ್ಕಿಯಾಗಿ 583 ಜನ ಸತ್ತರಲ್ಲ, ಅಲ್ಲೂ ಟವರ್ ಮತ್ತು ಪ್ಯಾನ್ ಆಮ್ ವಿಮಾನ ಒಟ್ಟಿಗೆ ಮಾತಾಡಿದ್ದರಿಂದ ಕೆಎಲ್‌ಎಂ ಪೈಲಟ್‌ಗಳಿಗೆ ಮುಖ್ಯ ಮಾತು ಸರಿಯಾಗಿ ಕೇಳಿಸದೆ ಕೀರಲು ಸದ್ದು ಕೇಳಿತ್ತು. ಅದಕ್ಕೇ ನಾನು ಹೇಳುವುದು, ಮಾತಾಡುವ ಗುಂಡಿ ಒತ್ತಿದಲ್ಲೇ ಸಿಕ್ಕಿಕೊಂಡರೆ ಸ್ವಲ್ಪ ಹೊತ್ತಿಗೆ ತಾನೇ ನಿಲ್ಲಿಸುವ ಸೌಲಭ್ಯ ಇರುವ ಸೆಟ್ ನೋಡಿ ತಗೊಳ್ಳಿ. ಒಬ್ಬರ ಗುಂಡಿ ಸಿಕ್ಕಿಕೊಂಡರೆ ಆ ಫ್ರೀಕ್ವೆನ್ಸಿಯಲ್ಲಿರುವ ಎಲ್ಲರ ಬಾಯಿಯೂ ಬಂದ್.

ಇನ್ನು ತೂಕ. ಎರಡು ಸೀಟಿನ ಮೈಕ್ರೋಲೈಟ್ ಅಂದರೆ ಪೈಲಟ್, ಪೆಟ್ರೋಲ್ ಎಲ್ಲ ಸೇರಿ ಸುಮಾರು 450 ಕಿಲೋ, ಹಾಗಾಗಿ ಪ್ರತಿ ಗ್ರಾಂ ಲೆಕ್ಕ ಹಾಕುವುದು ಸರಿಯೇ. ಆದರೆ ಟ್ರಿಗ್, ಬೆಕರ್‌ನಂಥ ಕಂಪನಿಗಳ ಪುಟ್ಟ ಪ್ಯಾನೆಲ್ ಸೆಟ್‌ಗಳು (ವಿಮಾನದ ಮುಂದಿನ ಹಲಗೆಗೆ ಕೂರಿಸುವ ರೇಡಿಯೋಗಳು) 57 ಮಿಲಿಮೀಟರ್ ದುಂಡು ತೂತಿನಲ್ಲಿ ಕೂರುತ್ತವೆ, ತೂಕ ಅರ್ಧ-ಮುಕ್ಕಾಲು ಕಿಲೋ. ಬ್ಯಾಟರಿ ಸಮೇತ ಕೈಸೆಟ್, ಅಂದರೆ ಕೈಯಲ್ಲಿ ಹಿಡಿಯುವ ವಿಮಾನದ ರೇಡಿಯೋ, ತೂಗಿ ನೋಡಿ. ಉಳಿಯುವುದು ಒಂದೆರಡು ಲೋಟ ಕಾಫಿಯಷ್ಟು ತೂಕ, ಅಷ್ಟೇ. ಅದಕ್ಕಾಗಿ ಬಿಟ್ಟುಕೊಡುವುದು ಮಾತ್ರ ಜಾಸ್ತಿ. ಕೈಸೆಟ್‌ನ ಕ್ಯಾರಿಯರ್ ಶಕ್ತಿ (ಮಾತನ್ನು ಹೊರುವ ಮೂಲ ಅಲೆಯ ಶಕ್ತಿ) ಎರಡು ವಾಟ್ ಒಳಗೆ, ಪ್ಯಾನೆಲ್ ಸೆಟ್‌ನದು ಸಾಮಾನ್ಯವಾಗಿ ಆರು ವಾಟ್. ಮೇಲಾಗಿ ಕೈಸೆಟ್‌ನ ರಬ್ಬರ್ ಆಂಟೆನಾ ಕಾಕ್‌ಪಿಟ್ ಒಳಗೇ ಇರುತ್ತದೆ. ಕೈಸೆಟ್ ಬೇಡ ಅನ್ನುತ್ತಿಲ್ಲ, ಎರಡನೆಯ ಸೆಟ್ ಆಗಿ ಜೇಬಿನಲ್ಲಿರಲಿ.

ಹಾಗಾದರೆ ಹತ್ತು ವಾಟಿನದು ಇನ್ನೂ ಒಳ್ಳೆಯದು ಅಲ್ವಾ ಅಂತ ಕೇಳುತ್ತಾರೆ. ಅಷ್ಟೇನೂ ಇಲ್ಲ. ಈ ಅಲೆಗಳು ಹೆಚ್ಚುಕಡಿಮೆ ನೇರ ಹೋಗುತ್ತವೆ, ಭೂಮಿ ದುಂಡಗಿರುವುದರಿಂದ ಎಷ್ಟು ದೂರ ಮುಟ್ಟುತ್ತವೆ ಅನ್ನುವುದು ಎತ್ತರದ ಮೇಲೆ ನಿಂತಿದೆ. ಸಾವಿರ ಅಡಿ ಎತ್ತರದಲ್ಲಿದ್ದರೆ ಸುಮಾರು 70 ಕಿಲೋಮೀಟರ್, ಮೂರು ಸಾವಿರ ಅಡಿಯಲ್ಲಿ ಸುಮಾರು 125. ವಾಟ್ ಏರಿಸಿದರೂ ಈ ಗಡಿ ಅಷ್ಟಾಗಿ ಸರಿಯುವುದಿಲ್ಲ. ನಂದಿ ಬೆಟ್ಟದ ಆಚೆ ಬದಿಯಲ್ಲಿ ತಗ್ಗಿನಲ್ಲಿ ಹಾರುತ್ತಿದ್ದರೆ ಬೆಂಗಳೂರಿನ ಟವರ್ ಸಿಗಲಿಲ್ಲ ಅಂತ ಸೆಟ್ ಬೈದು ಪ್ರಯೋಜನವಿಲ್ಲ.

ದುಡ್ಡು, ತಲೆ ಎರಡನ್ನೂ ಹಾಕಬೇಕಾದದ್ದು ಆಂಟೆನಾಗೆ. ಕಾಲು ಅಲೆಯ ಆಂಟೆನಾ ಸುಮಾರು 60 ಸೆಂಟಿಮೀಟರ್ ಕಡ್ಡಿ. ಅದರ ಇನ್ನರ್ಧ ಕೆಲಸ ಮಾಡುವುದು ಕೆಳಗಿನ ಲೋಹ. ಬಟ್ಟೆ ಹೊದಿಸಿದ ಅಥವಾ ಫೈಬರ್‌ಗ್ಲಾಸ್ ಒಡಲಿನ ವಿಮಾನದಲ್ಲಿ ಆ ಲೋಹವೇ ಇಲ್ಲ. ಹಾಗಿರುವಾಗ ಅಷ್ಟೇ ಉದ್ದದ ತಾಮ್ರದ ಪಟ್ಟಿಗಳನ್ನು ಒಳಗಡೆ ನಾಲ್ಕು ದಿಕ್ಕಿಗೂ ಅಂಟಿಸಿ ಆಂಟೆನಾ ಬುಡಕ್ಕೆ ಸೇರಿಸಬೇಕು. ತೂಕ ಏನೂ ಇಲ್ಲ, ಆದರೂ ಬಿಟ್ಟುಬಿಡುತ್ತಾರೆ! ಆಮೇಲೆ ದುಬಾರಿ ಸೆಟ್ ಕೆಟ್ಟಿದೆ ಅಂತ ಬಿಚ್ಚಿ ತರುತ್ತಾರೆ.

ಗುರ್ ಅನ್ನುವ ಸದ್ದಿನದ್ದೂ ಇದೇ ಕಥೆ. ನೆಲದ ಮೇಲೆ ಎಂಜಿನ್ ಓಡಿಸಿ, ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಗೊರಗೊರ ಸದ್ದನ್ನು ಅಡಗಿಸುವ ಸೌಲಭ್ಯ) ಪೂರ್ತಿ ತೆಗೆದು, ಹೆಡ್‌ಸೆಟ್ ಹಾಕಿಕೊಂಡು ಕೇಳಿ. ರೋಟ್ಯಾಕ್ಸ್ 912 ಎಂಜಿನ್‌ನಲ್ಲಿ ಇಗ್ನಿಷನ್ (ಕಿಡಿ ಕೊಡುವ ವ್ಯವಸ್ಥೆ) ಎರಡಿವೆ, ಒಂದೊಂದಾಗಿ ಆಫ್ ಮಾಡಿ ನೋಡಿ. ಟಿಕ್ ಟಿಕ್ ಸದ್ದು ಒಂದನ್ನು ಆರಿಸಿದಾಗ ನಿಂತರೆ ಆ ಕಡೆಯ ಪ್ಲಗ್ ಕ್ಯಾಪ್ ಅಥವಾ ವೈರ್ ನೋಡಿ. ಎಂಜಿನ್ ವೇಗದ ಜೊತೆಗೆ ಏರುವ ಕುಯ್ಯ್ ಸದ್ದಾದರೆ ಬಹುತೇಕ ಚಾರ್ಜಿಂಗ್ ಕಡೆಯದು, ರೆಗ್ಯುಲೇಟರ್ ಅರ್ತಿಂಗ್ ನೋಡಿ. ಹೊಸ ರೇಡಿಯೋ ಹಾಕಿದರೆ ಇದ್ಯಾವುದೂ ಹೋಗುವುದಿಲ್ಲ.

ಇನ್ನೊಂದು ವಿಷಯ. ಯುರೋಪಿನಲ್ಲಿ 2018ರಿಂದ ಬಹುತೇಕ ಕಡೆ ಚಾನೆಲ್‌ಗಳ ನಡುವೆ 8.33 ಕಿಲೋಹರ್ಟ್ಸ್ ಅಂತರದ ಸೆಟ್ ಕಡ್ಡಾಯವಾದ ಮೇಲೆ ಅಲ್ಲಿನ ಹಳೆಯ 25 ಕಿಲೋಹರ್ಟ್ಸ್ ಸೆಟ್‌ಗಳು ಮೂಲೆ ಸೇರಿದವು. ನಮ್ಮಲ್ಲಿ 25 ನಡೆಯುತ್ತದೆ, ಅಗ್ಗವಾಗಿ ಸಿಕ್ಕಿತು ಅಂತ ತರಿಸುವ ಆಸೆ ಸಹಜ. ಬಿಡಿಭಾಗ ಸಿಗುತ್ತದೆಯೇ ಅಂತ ಮೊದಲು ವಿಚಾರಿಸಿ. ಹೊಸ 8.33 ಸೆಟ್‌ಗಳು 25ರಲ್ಲೂ ಕೆಲಸ ಮಾಡುತ್ತವೆ.

ಕೊನೆಯದಾಗಿ ಬ್ಯಾಟರಿ. ಎಂಜಿನ್ ನಿಂತರೆ ಚಾರ್ಜಿಂಗ್ ನಿಂತಿತು, 121.5 ಮೆಗಾಹರ್ಟ್ಸ್ ತುರ್ತು ಫ್ರೀಕ್ವೆನ್ಸಿಯಲ್ಲಿ ಮೇಡೇ ಅಂತ ಸಹಾಯಕ್ಕೆ ಕೂಗಬೇಕಾಗಿ ಬರುವುದೂ ಆಗಲೇ. ಹಾಗಾಗಿ ಅಂಗಡಿಯವರನ್ನು ಬೆಲೆ ಕೇಳುವ ಮೊದಲು, ವೋಲ್ಟೇಜ್ 11ಕ್ಕೆ ಇಳಿದಾಗ ಈ ಸೆಟ್ ಮಾತಾಡುತ್ತದೆಯೇ, ಅಥವಾ ಕೇಳಿಸಿಕೊಳ್ಳುತ್ತದಷ್ಟೆಯೇ ಅಂತ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಕೈಪಿಡಿ ತೆರೆಸಿ ಓದಿಸಿ.

ನಿಮ್ಮ ಓದುಗ,
ಯಲಹಂಕ, ಬೆಂಗಳೂರು