ಕಾಲು ಊದಿದ ದೊರೆಗೂ ಉಳಿದವರಿಗೂ ಥ್ಯಾಂಕ್ಸ್

ಭಾನುವಾರ ರಾತ್ರಿ ದಾವಣಗೆರೆಯಲ್ಲಿ ನಮ್ಮ ‘ದೊರೆ ಈಡಿಪಸ್’ ನಾಟಕ ಕೊನೆಗೂ ಆಯಿತು. ಸೋಫೋಕ್ಲಿಸ್‌ನ ಹಳೇ ಗ್ರೀಕ್ ನಾಟಕ, ಕನ್ನಡಕ್ಕೆ ತಂದದ್ದು ಪಿ. ಲಂಕೇಶ್. ಅಪ್ಪನನ್ನು ಕೊಂದು ಅಮ್ಮನನ್ನೇ ಮದುವೆಯಾಗುತ್ತಾನೆ ಅಂತ ಭವಿಷ್ಯ ಇದ್ದ ದೊರೆ, ಗೊತ್ತಿಲ್ಲದೇ ಹಾಗೇ ಮಾಡಿಬಿಡುವ ಕಥೆ. ನಿನ್ನೆಯೆಲ್ಲಾ ಮಲಗಿದ್ದೆ, ಇವತ್ತು ಬರೆಯುತ್ತಿದ್ದೇನೆ.

ಮೊದಲ ಥ್ಯಾಂಕ್ಸ್ ನಮ್ಮ ಈಡಿಪಸ್‌ಗೆ. ನಾಟಕಕ್ಕೆ ನಾಲ್ಕು ದಿನ ಇದೆ ಅನ್ನುವಾಗ ಮುಚ್ಚಳ ಇಲ್ಲದ ಚರಂಡಿಗೆ ಕಾಲಿಟ್ಟ, ಪಾದ ಊದಿ ಕುಂಬಳಕಾಯಿ ಆಯಿತು. ಈಡಿಪಸ್ ಅಂದರೇನೇ ಊದಿದ ಕಾಲಿನವನು. ‘ವಿಧಿ ಮೇಡಂ, ವಿಧಿ’ ಅಂದರು ಎಲ್ಲರೂ. ವಿಧಿಯಲ್ಲ ಕಣ್ರಪ್ಪಾ, ಚರಂಡಿ! ಕುಂಟಿಕೊಂಡೇ ಆಡಿದ. ಎಂಥ ಅಭಿನಯ ಅಂತ ಹಿಂದಿನ ಸಾಲಿನವರು ಹೊಗಳಿದರಂತೆ.

ಎರಡು ತಿಂಗಳು ನಾನು ಇವರ ತಲೆ ತಿಂದದ್ದು ಒಂದೇ ವಿಷಯಕ್ಕೆ, ವಿಧಿಯನ್ನು ನಟಿಸಬೇಡಿ ಅಂತ. ಮೊದಮೊದಲು ಎಲ್ಲರೂ ಪರದೆ ಎದ್ದ ಕೂಡಲೇ ಅಳುಮೋರೆ ಹಾಕುತ್ತಿದ್ದರು. ಮುಂದೇನಾಗುತ್ತದೆ ಅಂತ ನೋಡುವವರಿಗೆ ಗೊತ್ತಿರಬಹುದು, ಈಡಿಪಸ್‌ಗೆ ಗೊತ್ತಿಲ್ಲ ಅಲ್ವಾ? ಊರಿಗೆ ರೋಗ ಬಂದಿದೆ, ಹಳೇ ದೊರೆಯನ್ನು ಕೊಂದವನು ಸಿಗಬೇಕು, ಅವನು ಹುಡುಕುತ್ತಿದ್ದಾನೆ, ಕಣಿ ಹೇಳುವ ಕುರುಡ ಮುದುಕ ಬೇಡ ಅಂದರೂ, ಹೆಂಡತಿ ಸಾಕು ಬಿಡು ಅಂತ ಬೇಡಿಕೊಂಡರೂ ತನ್ನ ಹುಟ್ಟಿನ ಗುಟ್ಟು ಬಲ್ಲ ಕೊನೇ ಸಾಕ್ಷಿ, ಕುರಿ ಕಾಯುವವನನ್ನು ಕರೆಸಿಯೇ ಕರೆಸುತ್ತಾನೆ. ಆ ಹಟ ಅವನದೇ. ಗುಡುಗು ಸಿಡಿಲಿನ ಸೌಂಡ್ ನಾನು ತೆಗೆಸಿದ್ದು ಅದಕ್ಕೇ, ಬೇಜಾರಾಗಬೇಡ ಸೌಂಡಿನ ಹುಡುಗಾ.

ಗ್ರೀಕರ ಮೇಳದಲ್ಲಿ, ಅಂದರೆ ನಾಟಕದ ನಡುನಡುವೆ ಹಾಡಿ ಮಾತಾಡುವ ಗುಂಪಿನಲ್ಲಿ, 15 ಜನ. ನಮಗೆ ಸಿಕ್ಕಿದ್ದು ಭಜನೆ ತಂಡದ 7 ಅಮ್ಮಂದಿರು. ಈಡಿಪಸ್ ತನ್ನ ಅಪ್ಪನನ್ನು, ಅಂದರೆ ಆ ಹಳೇ ದೊರೆಯನ್ನೇ, ಕೊಂದ ಮೂರು ದಾರಿ ಕೂಡುವ ಜಾಗವನ್ನು ಹೇಗೆ ತೋರಿಸೋದು ಅಂತ ಒದ್ದಾಡುತ್ತಿದ್ದೆ. ಅವರಲ್ಲೊಬ್ಬರು ಏನೂ ಮಾತಾಡದೆ ಕುಂಕುಮ ಹಚ್ಚಿದ ನಿಂಬೆಹಣ್ಣು ತಂದು ನೆಲದ ಮೇಲೆ ಇಟ್ಟರು. ಭಾನುವಾರ ದೊರೆ ಅದರ ಹತ್ತಿರ ಹೋದಾಗಲೆಲ್ಲ ಮುಂದಿನ ಸಾಲಿನವರು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು! ಇದು ನನಗೆ ಹೊಳೆಯುತ್ತಿರಲಿಲ್ಲ ಅಮ್ಮಾ.

1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಲ್ಲಿ ಲಂಕೇಶರ ಇದೇ ಅನುವಾದವನ್ನು ಬಯಲಲ್ಲಿ ಆಡಿಸಿದ್ದರು. ನಾವೂ ಬಯಲಲ್ಲೇ ಆಡಿದೆವು, ಆಸೆಪಟ್ಟಲ್ಲ, ಬುಕ್ ಮಾಡಿದ್ದ ಹಾಲನ್ನು ಮದುವೆಗೆ ಕೊಟ್ಟುಬಿಟ್ಟಿದ್ದರು. ಒಂದೇ ಫೋನಿಗೆ ಗೋಡೌನ್ ಪಕ್ಕದ ಜಾಗ ಗುಡಿಸಿಕೊಟ್ಟ ಅಣ್ಣನಿಗೆ ಏನು ಹೇಳಲಿ?

ಚಿಂದೋಡಿ ಲೀಲಾ ಅವರ ಕಂಪನಿ ನಾಟಕ ನೋಡಿದ ಊರು ಇದು. ಹಾರ್ಮೋನಿಯಂ ಇಲ್ಲ, ಕಾಮಿಡಿ ಇಲ್ಲ, ಕೂರುತ್ತಾರಾ ಅಂತ ಭಯ ಇತ್ತು. ಕೂತಿರಿ.

ಎರಡು ತಿಂಗಳು ಸಾಲ ಕೊಟ್ಟ ಮಂಡಕ್ಕಿ-ಮಿರ್ಚಿ ಅಂಗಡಿಯವರೇ, ಬಾಕಿ ನಾಳೆ ತರುತ್ತೇನೆ. ‘ಆ ಕುರಿಯವನು ಮೊದಲೇ ಬಾಯಿ ಬಿಟ್ಟಿದ್ದರೆ?’ ಅಂತ ಕೇಳಿದಿರಲ್ಲ, ಅದಕ್ಕೂ ಅಲ್ಲೇ ಕೂತು ಮಾತಾಡೋಣ.