ಬಿಡಿಸುವವರಿಗಾಗಿ ಬರೆದಿಡು

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಹಳೆಯ ದಾಖಲೆಯೊಂದರ ಎರಡೂ ಬದಿಗೆ ಪ್ಲಾಸ್ಟಿಕ್ ಪದರ ಅಂಟಿಸಿದ್ದಾರೆ, 'ಯಾವ ಪುಣ್ಯಾತ್ಮನ ಕೆಲಸವೋ' ಅಂತ ಚೆನ್ನಾಗಿ ಬೈದಿದ್ದೀಯ. ಸ್ವಲ್ಪ ತಾಳು. ಅದು ಸೆಲ್ಯುಲೋಸ್ ಅಸಿಟೇಟ್ ಲ್ಯಾಮಿನೇಷನ್ ಇರಬೇಕು. 1930ರ ದಶಕದಲ್ಲಿ ಶುರುವಾದ ಪದ್ಧತಿ. ದೊಡ್ಡ ದೊಡ್ಡ ದಾಖಲಾಲಯಗಳೇ ಅದನ್ನು ಒಪ್ಪಿಕೊಂಡಿದ್ದವು. ಆ ಪದರ ಕುಗ್ಗುತ್ತದೆ, ಹಳತಾದರೆ ವಿನೆಗರ್ ವಾಸನೆ ಹೊಡೆಯುತ್ತದೆ ಅಂತ ಇವತ್ತು ನಮಗೆ ಗೊತ್ತು. ಅಂಟಿಸಿದವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಆ ಪದರವನ್ನು ಅಸಿಟೋನ್ ಅನ್ನುವ ದ್ರಾವಕದಲ್ಲಿ ಬಿಡಿಸಬಹುದು, ಆದರೆ ಆತುರ ಬೇಡ. ಮೊದಲು ಪ್ರತಿಯೊಂದು ಮಸಿಯ ಮೇಲೂ, ಕಾಣದ ಜಾಗ ನೋಡಿ, ಸಣ್ಣ ಹನಿ ಇಟ್ಟು ಒತ್ತುಕಾಗದ ಒತ್ತು. ಕೈಬರಹ ಗಟ್ಟಿಯಾಗಿ ನಿಂತರೂ ಪಕ್ಕದ ಸೀಲು, ಬಾಲ್‌ಪೆನ್ನಿನ ಸಹಿ ಹರಡಿಬಿಡಬಹುದು. ಗಾಳಿಯಾಡುವ ಕಡೆಯೇ ಮಾಡು, ಕೈಗವಸು ಮರೆಯಬೇಡ.

ಬೈಗುಳದ ವಿಷಯಕ್ಕೆ ಬರ್ತೀನಿ. ಹಿಂದಿನವರ ಕೆಲಸವನ್ನು ದಾಖಲೆಯ ಮಾಲೀಕರ ಮುಂದೆ ಆಡಿಕೊಳ್ಳಬೇಡ. ನಮ್ಮಲ್ಲಿ ಈ ಚಾಳಿ ಜಾಸ್ತಿ. ಕೇಳಿದ ಮಾಲೀಕರು ಮುಂದಿನ ಸಲ ಹಳೆಯ ವಸ್ತುಗಳನ್ನು ಉಳಿಸುವ ನಮ್ಮಂಥ ಯಾವ ಸಂರಕ್ಷಕರನ್ನೂ ನಂಬುವುದಿಲ್ಲ, ನಿನ್ನನ್ನೂ ಸೇರಿಸಿ.

ಅದರ ಬದಲು ಹಿಂದಿನವರು ಏನು ಬರೆದಿಟ್ಟಿದ್ದಾರೆ ಹುಡುಕು. ಬಹುಶಃ 'ದುರಸ್ತಿ ಮಾಡಲಾಗಿದೆ' ಅಂತ ಒಂದೇ ಸಾಲು ಸಿಗುತ್ತದೆ. ನನಗೆ ಸಿಟ್ಟು ಬರುವುದು ಅಲ್ಲಿ. ಯಾವ ಅಂಟು, ಎಷ್ಟು ತೆಳು, ಯಾರು ತಯಾರಿಸಿದ್ದು, ಯಾವ ಕಾಗದ, ಎಲ್ಲಿಂದ ಎಲ್ಲಿಯವರೆಗೆ: ಇಷ್ಟಾದರೂ ಬೇಡವಾ? ನೀನು ಬರೆ. ಮಾಡಬೇಕು ಅಂದುಕೊಂಡು ಬಿಟ್ಟದ್ದನ್ನೂ, ಯಾಕೆ ಬಿಟ್ಟೆ ಅನ್ನುವುದನ್ನೂ ಬರೆ. ನಿನ್ನ ಕೆಲಸವನ್ನೂ ಒಂದು ದಿನ ಯಾರೋ ಬಿಡಿಸುತ್ತಾರೆ. ಅವರಿಗೆ ನಿನ್ನನ್ನು ಕೇಳಲು ಆಗದಿರಬಹುದು.

1966ರ ನವೆಂಬರ್ 4ರಂದು ಆರ್ನೋ ನದಿ ಉಕ್ಕಿ ಇಟಲಿಯ ಫ್ಲಾರೆನ್ಸ್ ನಗರ ಮುಳುಗಿತು. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಲಕ್ಷಾಂತರ ಪುಸ್ತಕಗಳು ಕೆಸರು ಪಾಲಾದವು. ನಾನಾ ದೇಶಗಳಿಂದ ಸಂರಕ್ಷಕರು ಬಂದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಕಲಿತ ರೀತಿಯೂ ಬೇರೆ ಬೇರೆ. ಆಗ ಪುಸ್ತಕದ ಜೊತೆ ಒಂದು ಕಾರ್ಡ್ ಇಟ್ಟು, ಏನೇನು ಆಗಬೇಕು ಅಂತ ಚಿಹ್ನೆಗಳಲ್ಲಿ ಗುರುತು ಹಾಕಿದರು. ನಮ್ಮ ಕಸುಬಿನವರ ಒಗ್ಗಟ್ಟು ಅಂದರೆ ನನಗೆ ಸಭೆ, ಹಾರ, ಭಾಷಣಕ್ಕಿಂತ ಆ ಕಾರ್ಡೇ ನೆನಪಾಗುವುದು.

ಹಾಗಂತ ಸಭೆಗಳಿಗೆ ಹೋಗಬೇಡ ಅಂದೆ ಅಂದುಕೊಳ್ಳಬೇಡ. ಎಷ್ಟೋ ಸಂಸ್ಥೆಗಳಲ್ಲಿ ಸಂರಕ್ಷಕರು ಒಬ್ಬರೇ. ಕಷ್ಟ ಹೇಳಿದರೆ ಅರ್ಥವಾಗುವವರು ಪಕ್ಕದ ಕೋಣೆಯಲ್ಲಿ ಇರುವುದಿಲ್ಲ. ಕಾಗದದವರು, ಬಟ್ಟೆಯವರು, ಲೋಹದವರು ಅಂತ ಗುಂಪುಗಳಿವೆ, ಸೇರಿಕೋ. ಕೇಳಲು ನಾಚಬೇಡ. ಆದರೆ ಸುಮ್ನೆ 'ಏನು ಮಾಡಲಿ?' ಅಂತ ಕೇಳಬೇಡ. ಫೋಟೋ ಕಳಿಸು, ಏನೇನು ಪರೀಕ್ಷೆ ಮಾಡಿದೆ ಹೇಳು. ಕೊನೆಗೆ ಏನಾಯಿತು ಅಂತ ತಿಳಿಸು. ಸಲಹೆ ತೆಗೆದುಕೊಂಡು ಮಾಯವಾಗುವವರಿಗೆ ಎರಡನೇ ಸಲ ಉತ್ತರ ಕೊಡಲು ಯಾರಿಗೂ ಮನಸ್ಸಾಗದು.

ನಿನಗೂ ಒಂದು ದಿನ ಮಾತಾಡುವ ಸರದಿ ಬರುತ್ತದೆ. ಮೊದಲು ಹೀಗಿತ್ತು, ಈಗ ಹೀಗಾಗಿದೆ ಅಂತ ಎರಡು ಚಂದದ ಚಿತ್ರ ತೋರಿಸಿ ಇಳಿದು ಬರಬೇಡ. ಕರಗುವ ನೈಲಾನನ್ನೇ ನೋಡು. ಉದುರುವ ಬಣ್ಣ ಹಿಡಿಸಲು ಒಂದು ಕಾಲದಲ್ಲಿ ಅದನ್ನು ಬಳಸುತ್ತಿದ್ದರು, ಬೇಕೆಂದಾಗ ತೆಗೆಯಬಹುದು ಅಂತ ನಂಬಿದ್ದರು. ಕಾಲ ಕಳೆದಂತೆ ಅದು ಕರಗುವುದನ್ನೇ ನಿಲ್ಲಿಸಿತು. ಕಂಡವರು ಮುಚ್ಚಿಡದೆ ಬರೆದರು, ಉಳಿದವರು ಬಳಸುವುದು ಬಿಟ್ಟರು. ನಿನ್ನ ಬೆಂಚಿನ ಮೇಲೆ ಯಾವುದು ಕೈಕೊಟ್ಟಿತು ಅಂತಲೂ ಹೇಳು. ಮೇಲಿನವರು ಮುಖ ಗಂಟು ಹಾಕಬಹುದು, ಹಾಕಲಿ. ಹೇಳುವ ಮೊದಲು ಸಂಸ್ಥೆಯ ಒಪ್ಪಿಗೆ ಮಾತ್ರ ತೆಗೆದುಕೋ.

ಇಂತಿ,
ನಿನ್ನ ಅತ್ತೆ