‘ಬಾಡಿಗೆ ನಾವು ನೋಡ್ಕೋತೀವಿ’ ಅಂದವನ ವಿಷಯ

ಚಿ. ಮಂಜುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಊರಿನ ಸಮಾಚಾರವೆಲ್ಲ ನಿನಗೆ ಫೋನಿನಲ್ಲೇ ತಿಳಿಯುತ್ತದೆ, ಅದನ್ನು ಬಿಡುತ್ತೇನೆ. ಜೈಲು ಕೆಲಸದ ಸಂಬಳ ಇಪ್ಪತ್ತನೇ ತಾರೀಖಿಗೇ ಖಾಲಿ ಅಂತ ಕಾಗದ ಬರೆದು, ಅದರ ಕೆಳಗೇ ನೀನು ಒಂದು ಸಾಲು ಸೇರಿಸಿದ್ದೀಯ: ‘ಒಬ್ಬ ವಿಚಾರಣಾಧೀನ ಕೈದಿಯ ಕಡೆಯವನು, ಸಾರ್ ನಿಮ್ಮ ಮನೆ ಬಾಡಿಗೆ ನಾವು ನೋಡ್ಕೋತೀವಿ ಅಂದ, ನಾನು ನಕ್ಕು ಸುಮ್ಮನಾದೆ.’ ಕಾಗದ ಮಡಿಚಿಟ್ಟ ಮೇಲೂ ಆ ಸಾಲೇ ಕಾಡುತ್ತಿದೆ.

ನಿನಗೆ ಬಾಡಿಗೆ ಕಷ್ಟ ಅಂತ ಅವನಿಗೆ ಹೇಗೆ ಗೊತ್ತಾಯಿತು? ಜೈಲು ಸಿಬ್ಬಂದಿಯಲ್ಲಿ ಯಾರಿಗೆ ಎಷ್ಟು ಸಾಲ, ಯಾರ ಮಗುವಿನ ಫೀಸು ಬಾಕಿ, ಯಾರು ಯಾರ ಹತ್ತಿರ ಕೈಗಡ ಕೇಳಿದರು ಅನ್ನುವುದು ಗೇಟಿನ ಹತ್ತಿರದ ಮಾತು, ಟೀ ಹೊತ್ತಿನ ಮಾತಿನಲ್ಲೇ ಬ್ಯಾರಕ್ಕಿಗೆ ತಲುಪುತ್ತದೆ. ದುಡ್ಡಿರುವ ಕೈದಿಗೆ ಬೇಕಾದದ್ದು ಅದೊಂದೇ ಸುದ್ದಿ. ಶುರುವಿನಲ್ಲಿ ಅವನು ಏನೂ ಕೇಳುವುದಿಲ್ಲ. ಆಸ್ಪತ್ರೆಯಲ್ಲಿ ಪರಿಚಯದವರಿದ್ದಾರೆ ಅನ್ನುತ್ತಾನೆ, ಬಡ್ಡಿಯಿಲ್ಲದ ಕೈಗಡ ಅನ್ನುತ್ತಾನೆ. ಹಣ ನಿನ್ನ ಖಾತೆಗೆ ಬರುವುದೇ ಇಲ್ಲ, ಹೆಂಡತಿಯ ಫೋನ್‌ಪೇಗೋ ಬಾಮೈದುನನ ನಂಬರಿಗೋ ಬರುತ್ತದೆ. ಆಮೇಲೆ ಒಂದು ಚೀಟಿ ತಲುಪಿಸಿ, ಒಂದು ಚಾರ್ಜರ್ ಒಳಗೆ ಬಿಡಿ ಅನ್ನುತ್ತಾನೆ. ಬೇಡ ಅನ್ನಲು ಹೋದರೆ ಮೊದಲನೇ ಸಲದ ಸ್ಕ್ರೀನ್‌ಶಾಟ್ ಅವನ ಹತ್ತಿರ ಇರುತ್ತದೆ.

ನಾನು ಸಂಬಳದ ಬಿಲ್ಲು ಮಾಡಿದವನು, ಬೀಗದ ಕೈ ಹಿಡಿದವನಲ್ಲ. ಹಾಗಾಗಿ ನನಗೆ ಗೊತ್ತಿರುವ ಕಡೆಯಿಂದ ಹೇಳುತ್ತೇನೆ. ಮೂಲ ವೇತನ 50,000 ಅಂತ ದುಂಡಾಗಿ ಹಿಡಿದಿದ್ದೇನೆ. ತುಟ್ಟಿಭತ್ಯೆ 2025ರ ಜುಲೈನ ದರ ಶೇ 14.25ರಂತೆ 7,125, ಬೆಂಗಳೂರಿನ ಮನೆ ಬಾಡಿಗೆ ಭತ್ಯೆ ಶೇ 20ರಂತೆ 10,000, ಒಟ್ಟು 67,125. ಇದರಲ್ಲಿ ಪಿಂಚಣಿ ಯೋಜನೆ ಎನ್‌ಪಿಎಸ್‌ಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10, ಅಂದರೆ 5,713. ವೃತ್ತಿ ತೆರಿಗೆ 200, ಫೆಬ್ರುವರಿಯಲ್ಲಿ ಮಾತ್ರ 300. ಸರ್ಕಾರಿ ನೌಕರರ ಜೀವವಿಮೆ ಕೆಜಿಐಡಿ, ಗುಂಪು ವಿಮೆ ಸೇರಿ ನೀನು ಬರೆದಂತೆ 4,000. ಹೊಸ ತೆರಿಗೆ ಪದ್ಧತಿಯಲ್ಲಿ ಈ ಸಂಬಳಕ್ಕೆ ಆದಾಯ ತೆರಿಗೆ ಬರುವುದಿಲ್ಲ. ನೀನು ಇನ್ನೂ ಹಳೆಯದರಲ್ಲೇ ಇದ್ದರೆ ಸಂಬಳ ಬಟವಾಡೆ ಮಾಡುವ ಅಧಿಕಾರಿ ಡಿಡಿಒಗೆ ಬರೆದುಕೊಡು. ಕೈಗೆ ಬರುವುದು 57,000ದ ಆಸುಪಾಸು. ಬಾಡಿಗೆ 20,000, ಸಾಲದ ಕಂತು 11,122 ಹೋದರೆ 26,000. ಊರಿಗೆ 5,000, ಶಾಲೆ ಮತ್ತು ವ್ಯಾನಿಗೆ 6,000, ದಿನಸಿ, ಹಾಲು, ಗ್ಯಾಸಿಗೆ 11,000. ಉಳಿದ ನಾಲ್ಕು ಸಾವಿರದಲ್ಲಿ ಪೆಟ್ರೋಲು, ಕರೆಂಟು, ಜ್ವರ, ನೆಂಟರ ಮದುವೆ. ನೀನು ದುಂದು ಮಾಡುತ್ತಿಲ್ಲ, ಅದು ನನಗೆ ಕಾಣುತ್ತದೆ. ಆದರೆ ಇಂಥ ತಿಂಗಳಿನಲ್ಲೇ ಬಾಡಿಗೆ ಕಟ್ಟುವವನು ಒಳ್ಳೆಯವನಂತೆ ಕಾಣಿಸುವುದು.

ನಮ್ಮ ಕಾಲದಲ್ಲಿ ಸಂಬಳ ಹೆಚ್ಚೇನೂ ಇರಲಿಲ್ಲ, ಆದರೆ ಭವಿಷ್ಯ ನಿಧಿ, ಅಂದರೆ ಜಿಪಿಎಫ್ ಇತ್ತು. ಮಗಳ ಮದುವೆಯೋ ಆಪರೇಷನ್ನೋ ಅಂದರೆ ಅರ್ಜಿ ಬರೆದು ನಮ್ಮದೇ ದುಡ್ಡಿನಿಂದ ಮುಂಗಡ ಪಡೆದು, ಸಂಬಳದಲ್ಲೇ ತೀರಿಸುತ್ತಿದ್ದೆವು. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಆ ದಾರಿ ಇಲ್ಲ. ಎನ್‌ಪಿಎಸ್‌ನಲ್ಲಿ ಮೂರು ವರ್ಷ ಕಳೆದ ಮೇಲೆ ನಿನ್ನ ವಂತಿಗೆಯ ಕಾಲು ಭಾಗ ತೆಗೆಯಬಹುದು, ಅದೂ ಓದು, ಮದುವೆ, ಮನೆ, ದೊಡ್ಡ ಕಾಯಿಲೆಯಂಥ ಕಾರಣಕ್ಕೆ. ತಿಂಗಳ ಕೊರತೆ ತುಂಬುವುದಕ್ಕೆ ಅದು ಬರುವುದಿಲ್ಲ. ಅದಕ್ಕೇ ನಿಮ್ಮ ವಯಸ್ಸಿನವರು ಬ್ಯಾಂಕಿನ ಪರ್ಸನಲ್ ಲೋನ್, ಕಾರ್ಡು, ಮೊಬೈಲಿನ ಸಾಲದ ಆ್ಯಪ್ ಅಂತ ಹೋಗುವುದು. ಸರ್ಕಾರಿ ಕೆಲಸಕ್ಕೆ ಸೇರಿಸು, ಮುಂದಿನದು ತಾನಾಗೇ ಆಗುತ್ತದೆ ಅಂತ ನಿನ್ನಪ್ಪನಿಗೆ ಹೇಳುವಾಗ ನನ್ನ ತಲೆಯಲ್ಲಿದ್ದದ್ದು ಆ ಹಳೆಯ ಲೆಕ್ಕ. ಇರಲಿ.

ನಿನ್ನ ಸಾಲ ಐದು ಲಕ್ಷ, ಶೇ 12, ಐದು ವರ್ಷ. ಎರಡು ವರ್ಷದಲ್ಲಿ 2,66,928 ಕಟ್ಟಿದ್ದೀಯ, ಅಸಲು ಇಳಿದಿರುವುದು 1,65,000 ಮಾತ್ರ. ಇನ್ನೂ 3,35,000 ಇದೆ. ಬ್ಯಾಂಕಿನವರು ಫೋನು ಮಾಡಿ ‘ಟಾಪ್‌ಅಪ್ ಕೊಡ್ತೀವಿ’, ಅಂದರೆ ಇರುವ ಸಾಲದ ಮೇಲೆ ಇನ್ನಷ್ಟು ಸಾಲ, ಅಂದರೆ ಬೇಡ ಅನ್ನು. ಬಡ್ಡಿ ಹೆಚ್ಚು ತಿನ್ನುವ ಮೊದಲ ವರ್ಷಗಳಿಗೆ ನಿನ್ನನ್ನು ವಾಪಸ್ ಕೂರಿಸುತ್ತಾರೆ.

ಕ್ವಾರ್ಟರ್ಸ್‌ಗೆ ಅರ್ಜಿ ಹಾಕಿದ್ದೀಯಾ? ಜೈಲಿನ ಆವರಣದಲ್ಲೇ ಇದ್ದರೆ ರಾತ್ರಿ ಹೊತ್ತಲ್ಲೂ ಕರೆ ಬರುತ್ತದೆ ಅಂತ ನಿನ್ನ ಹೆಂಡತಿಗೆ ಇಷ್ಟವಿಲ್ಲ, ಅದು ಸರಿಯೇ. ಆದರೂ ಲೆಕ್ಕ ಕೇಳು: ಭತ್ಯೆ 10,000 ನಿಲ್ಲುತ್ತದೆ, ಬಾಡಿಗೆ 20,000 ಉಳಿಯುತ್ತದೆ. ಅಡ್ವಾನ್ಸ್ ಕೊಟ್ಟ ಒಂದೂವರೆ ಲಕ್ಷ ಕೈಗೆ ಬರುತ್ತದೆ. ಅದನ್ನು ಪೂರ್ತಿ ಸಾಲಕ್ಕೆ ಕಟ್ಟಿ, ಕಂತನ್ನು ಹಾಗೇ ಇಟ್ಟು ಅವಧಿ ಇಳಿಸಿ ಅಂತ ಬರೆದುಕೊಟ್ಟರೆ ಉಳಿದ 36 ಕಂತು 19ಕ್ಕೆ ಇಳಿಯುತ್ತದೆ. ಬಾಯಲ್ಲಿ ಹೇಳಿದರೆ ಕಂತು ಇಳಿಸಿ ಅವಧಿ ಹಾಗೇ ಬಿಡುತ್ತಾರೆ, ಜೋಕೆ. ಮುಂಚೆ ಕಟ್ಟುವುದಕ್ಕೆ ಶುಲ್ಕ ಎಷ್ಟು ಅಂತಲೂ ಸಾಲದ ಪತ್ರ ನೋಡು.

ವರ್ಗಾವಣೆಯನ್ನೂ ತಲೆಯಲ್ಲಿಟ್ಟುಕೋ. ಮೈಸೂರಿಗೆ ಹಾಕಿದರೆ ಭತ್ಯೆ ಶೇ 15, ವಿಜಯಪುರಕ್ಕೆ ಹಾಕಿದರೆ ಶೇ 7.5, ಅಂದರೆ 10,000 ಇದ್ದದ್ದು 3,750. ಬ್ಯಾಂಕಿನ ಕಂತು ಬೆಂಗಳೂರಿನದೇ ಇರುತ್ತದೆ. ಹೊಸ ಸಾಲ ಯಾವುದೇ ಇರಲಿ, ಬಾಡಿಗೆ ಭತ್ಯೆ ಬಿಟ್ಟು ತೂಗಿ ನೋಡು.

ಮತ್ತೆ ಅಲ್ಲಿಗೇ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. 2024ರ ಆಗಸ್ಟಿನಲ್ಲಿ ಪರಪ್ಪನ ಅಗ್ರಹಾರ ಜೈಲಿನಿಂದ ನಟ ದರ್ಶನ್ ಇದ್ದ ಒಂದು ಫೋಟೊ ಹೊರಗೆ ಬಂದು ಎಷ್ಟು ಜನ ಅಧಿಕಾರಿ, ಸಿಬ್ಬಂದಿ ಅಮಾನತಾದರು, ನೀನೇ ಬಲ್ಲೆ. ಅಮಾನತಾದರೆ ಜೀವನಾಧಾರ ಭತ್ಯೆ ಅಂತ ಕೊಡುವುದು ಮೂಲ ವೇತನದ ಅರ್ಧ, 25,000. ಅದರ ಮೇಲಿನ ತುಟ್ಟಿಭತ್ಯೆ 3,562. ಬಾಡಿಗೆ ಭತ್ಯೆ ಸಿಕ್ಕಿತು ಅಂತಲೇ ಇಟ್ಟುಕೊಂಡರೂ ಬಾಡಿಗೆ, ಕಂತು ಕೊಟ್ಟ ಮೇಲೆ ಉಳಿಯುವುದು ಏಳು ಸಾವಿರ ಚಿಲ್ಲರೆ. ಲಂಚದ ಕೇಸು ಸಾಬೀತಾದರೆ ಮೂರರಿಂದ ಏಳು ವರ್ಷ. ನೀನು ಬೀಗ ಹಾಕುವ ಕೋಣೆಯೊಳಗೇ ನೀನಿರಬೇಕಾಗುತ್ತದೆ ಅಂತ ಬರೆಯುವುದಕ್ಕೂ ನನಗೆ ಕೈ ಬರುತ್ತಿಲ್ಲ.

ನಕ್ಕು ಸುಮ್ಮನಾದೆ ಅಂದೆಯಲ್ಲ, ಅವರ ಲೆಕ್ಕದಲ್ಲಿ ಅದು ‘ಆಗಲಿ’ ಅಂದ ಹಾಗೆ. ಈ ವಾರವೇ ಸೂಪರಿಂಟೆಂಡೆಂಟರಿಗೆ ಒಂದು ಹಾಳೆಯ ವರದಿ ಕೊಡು. ದಿನಾಂಕ, ಹೊತ್ತು, ಎಲ್ಲಿ ನಿಂತು ಹೇಳಿದ, ಪಕ್ಕದಲ್ಲಿ ಯಾರಿದ್ದರು, ಅಷ್ಟು ಸಾಕು. ನಿನ್ನ ಅಭಿಪ್ರಾಯ ಬರೆಯಬೇಡ. ಇನ್ನೊಂದು ಪ್ರತಿಯ ಮೇಲೆ ಕಚೇರಿಗೆ ತಲುಪಿತು ಅನ್ನುವ ಟಪಾಲು ಮೊಹರು ಹಾಕಿಸಿ ಮನೆಯಲ್ಲಿಡು. ಆ ಬ್ಲಾಕಿನಿಂದ ಡ್ಯೂಟಿ ಬದಲಿಸಿ ಅಂತ ಅದೇ ಹಾಳೆಯಲ್ಲಿ ಕೇಳು. ಮೇಲಿನವರಿಗೆ ಕಿರಿಕಿರಿಯಾಗಬಹುದು, ಆಗಲಿ. ಮನೆಯವರ ಫೋನ್‌ಪೇಗೆ ಗೊತ್ತಿಲ್ಲದವರಿಂದ ನೂರು ರೂಪಾಯಿ ಬಂದರೂ ನಿನಗೆ ತಿಳಿಸಲಿ, ಅದನ್ನೂ ವರದಿ ಮಾಡು. ಕೆಲಸದ ಸಂಬಂಧ ಇರುವವರಿಂದ ಸಾಲ ಪಡೆಯುವುದೇ ನಡತೆ ನಿಯಮಕ್ಕೆ ವಿರುದ್ಧ. ಬಡ್ಡಿಯಿಲ್ಲ ಅಂದ ಮಾತ್ರಕ್ಕೆ ಅದು ನೆಂಟಸ್ತನ ಆಗುವುದಿಲ್ಲ.

ಸಣ್ಣಪುಟ್ಟದ್ದು ಎರಡು ಮಾತು, ನಿನಗೆ ಗೊತ್ತಿದ್ದರೆ ಬಿಟ್ಟುಬಿಡು. ಗಳಿಕೆ ರಜೆ ವರ್ಷಕ್ಕೆ 15 ದಿನ ನಗದು ಮಾಡಿಕೊಳ್ಳಬಹುದು. ನಿನ್ನ ಸಂಬಳಕ್ಕೆ ಅದು 28,000ದ ಮೇಲೆ. ಅದನ್ನು ಶಾಲೆ ಶುರುವಾಗುವ ಮುಂಚೆ, ಮೇ ತಿಂಗಳಿಗೆ ಹೊಂದಿಸಿಕೋ, ದೀಪಾವಳಿಗೆ ಬೇಡ. ತುಟ್ಟಿಭತ್ಯೆಯ ಬಾಕಿ ಒಟ್ಟಿಗೆ ಬಂದಾಗಲೂ ಹಾಗೇ, ಸಾಲಕ್ಕೆ ಹಾಕು. ಸಹಕಾರ ಸಂಘದಲ್ಲಿ ಜೊತೆಯವರಿಗೆ ಜಾಮೀನು ನಿಲ್ಲಬೇಡ. ಅವನು ಕಟ್ಟದಿದ್ದರೆ ನಿನ್ನ ಸಂಬಳದ ಬಿಲ್ಲಿನಲ್ಲೇ ಹಿಡಿಯುತ್ತಾರೆ, ಎಷ್ಟೋ ಬಿಲ್ಲಿನಲ್ಲಿ ಹಾಗೆ ಹಿಡಿದವನು ನಾನೇ. ದುಡ್ಡಿನ ಕಷ್ಟ ಜೈಲಿನ ಆವರಣದಲ್ಲಿ ಯಾರ ಮುಂದೂ ಆಡಬೇಡ, ನಿನ್ನ ಹತ್ತಿರದ ವಾರ್ಡರ್ ಮುಂದೆ ಕೂಡ. ನನ್ನ ಮುಂದೆ ಆಡು.

ಕಾಗದದಲ್ಲಿ ಕ್ರೆಡಿಟ್ ಕಾರ್ಡ್ ಇದೆ ಅಂದೆ, ಬಾಕಿ ಎಷ್ಟು ಅಂತ ಬರೆದಿಲ್ಲ. ಅದರ ಬಡ್ಡಿ ತಿಂಗಳಿಗೇ ಶೇ 3ರ ಮೇಲಿರುತ್ತದೆ, ಅದೇ ಮೊದಲು ತೀರಬೇಕು. ಸೊಸೈಟಿಯಲ್ಲಿ ನನ್ನದೊಂದು ಠೇವಣಿ ಇದೆ, ನಿನ್ನ ದೊಡ್ಡಮ್ಮನನ್ನೂ ಕೇಳಿದ್ದೇನೆ. ಕೊಟ್ಟರೆ ನಿನ್ನ ವಾರ್ಷಿಕ ಆಸ್ತಿ-ಸಾಲದ ವಿವರಪಟ್ಟಿಯಲ್ಲಿ ನನ್ನ ಹೆಸರು ಬರೆಯಬೇಕಾಗುತ್ತದೆ, ಆದ್ದರಿಂದ ಚೆಕ್ಕಿನಲ್ಲೇ ಕೊಡುತ್ತೇನೆ. ಬಾಕಿ ಎಷ್ಟು ಅನ್ನುವುದನ್ನು ನೀನು ಈ ಭಾನುವಾರದೊಳಗೆ ಫೋನು ಮಾಡಿ ಹೇಳು. ವರದಿ ಕೊಟ್ಟೆಯೋ ಇಲ್ಲವೋ ಅದನ್ನೂ ಹೇಳು.

ಇಂತಿ,
ನಿನ್ನ ದೊಡ್ಡಪ್ಪ